ಎಲೆ ಒಂದೇ, ಲೆಕ್ಕ ಬೇರೆ

ಕೆಲವು ತಿಂಗಳ ಹಿಂದೆ ರಾಜಾಜಿನಗರದ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಹೆಣ್ಣಿನ ಕಡೆಯವರು ಮದ್ದೂರಿನವರು, ಗಂಡಿನ ಕಡೆಯವರು ಕಾಸರಗೋಡಿನ ಕನ್ನಡಿಗರು. ವರಪೂಜೆಯ ಊಟ ಮುಗಿದು ಹೆಂಗಸರೂ ಮಕ್ಕಳೂ ಮಲಗಿದ ಮೇಲೆ, ನಮ್ಮ ಮದುವೆಗಳಲ್ಲಿ ಎಂದಿನಂತೆ ಮೂಲೆಯೊಂದರಲ್ಲಿ ಜಮಖಾನ ಹಾಸಲಾಯಿತು, ಇಸ್ಪೀಟಿನ ಕಟ್ಟು ಹೊರಬಂತು. ವರದಕ್ಷಿಣೆಯ ಮಾತಿಲ್ಲದೆ, ಓಲಗದವರ ಜಗಳವಿಲ್ಲದೆ ಸಾಗಿದ್ದ ಆ ಮದುವೆಯಲ್ಲಿ ಮೊದಲ ಭಿನ್ನಾಭಿಪ್ರಾಯ ಎದ್ದುದು ಅಲ್ಲಿಯೇ.

ಹೆಣ್ಣಿನ ಸೋದರಮಾವ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಗೆರೆ ಎಳೆದು ಆಟಗಾರರ ಹೆಸರು ಬರೆಯತೊಡಗಿದರು. ಅಷ್ಟರಲ್ಲಿ ಗಂಡಿನ ದೊಡ್ಡಪ್ಪ ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನೆಲ್ಲ ಆರಿಸಿ ತೆಗೆದುಹಾಕಿದ್ದರು. ‘ಇದೇನು ಭಾವನವರೇ, ಅರ್ಧ ಕಟ್ಟನ್ನೇ ಖಾಲಿ ಮಾಡಿದಿರಲ್ಲ?’ ಎಂದರು ಇವರು. ‘ಬರೆಯುವುದು ಯಾಕೆ? ಲೆಕ್ಕ ಎಲೆಯಲ್ಲೇ ಇದೆ’ ಎಂದರು ಅವರು. ಆಡುವ ಆಟ ಯಾವುದೆಂದು ತೀರ್ಮಾನವಾಗುವ ಮೊದಲೇ ಅಂಕ ಇಡುವ ಬಗೆಯಲ್ಲಿ ಎರಡು ಸೀಮೆಗಳು ಎದುರುಬದುರಾಗಿದ್ದವು.

ಮದ್ದೂರು, ಮಂಡ್ಯ, ಬೆಂಗಳೂರಿನ ಕಡೆ ಇಸ್ಪೀಟು ಎಂದರೆ ಬಹುಮಟ್ಟಿಗೆ ರಮ್ಮಿ. ಹದಿಮೂರು ಎಲೆಯ ಈ ಆಟದಲ್ಲಿ ಗೆದ್ದವನಿಗೆ ಬರುವ ಅಂಕ ಸೊನ್ನೆ. ಉಳಿದವರು ಜೋಡಿಸಲಾಗದೆ ಕೈಯಲ್ಲಿ ಉಳಿಸಿಕೊಂಡ ಎಲೆಗಳ ಮೊತ್ತ ಅವರವರ ತಲೆಗೆ. ರಾಜ, ರಾಣಿ, ಗುಲಾಮ, ಎಕ್ಕ ತಲಾ ಹತ್ತು, ಉಳಿದವು ಮುಖಬೆಲೆಯಷ್ಟು. ಅಂದರೆ ಇಲ್ಲಿ ಬರೆಯುವುದು ಗಳಿಕೆಯನ್ನಲ್ಲ, ಋಣವನ್ನು. ಯಾರ ಸಾಲ ಗಡಿ ಮುಟ್ಟುತ್ತದೋ ಅವರು ಹೊರಗೆ. ಪ್ರತಿಯೊಬ್ಬನೂ ತನಗೆ ತಾನೇ. ಪಕ್ಕದವನ ಸೋಲು ನನ್ನ ಗೆಲುವಲ್ಲದಿದ್ದರೂ ನೆಮ್ಮದಿಯಂತೂ ಹೌದು. ಮನೆಗಳಲ್ಲಿ ಪುಸ್ತಕ ಹಿಡಿಯುವ ಕೆಲಸ ಸಾಮಾನ್ಯವಾಗಿ ಬೀಳುತ್ತಿದ್ದುದು ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿಯೊಬ್ಬಳ ಮೇಲೆ, ಅವಳಿಗೆ ಆಡಲು ಅವಕಾಶ ಸಿಗುತ್ತಿದ್ದುದು ಅಪರೂಪ. ನಮ್ಮ ಅಜ್ಜಿ ಓದುಬರಹ ಬಾರದಿದ್ದರೂ ಹುಣಸೆ ಬೀಜಗಳನ್ನಿಟ್ಟು ಆರು ಜನರ ಲೆಕ್ಕವನ್ನು ತಪ್ಪಿಲ್ಲದೆ ನಡೆಸುತ್ತಿದ್ದರು.

ಕಾಸರಗೋಡಿನ ದೊಡ್ಡಪ್ಪ ಆಡಲು ಹೊರಟಿದ್ದು ಇಪ್ಪತ್ತೆಂಟು. ಕೇರಳದಲ್ಲಿ ಬಹಳ ಪ್ರಚಾರದಲ್ಲಿರುವ ಈ ಆಟಕ್ಕೆ ಮೂವತ್ತೆರಡು ಎಲೆ ಸಾಕು. ಇಲ್ಲಿ ದೊಡ್ಡವನು ರಾಜನಲ್ಲ, ಎಕ್ಕವೂ ಅಲ್ಲ, ಗುಲಾಮ! ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಬೆಲೆಯೇ ಇಲ್ಲ. ಒಂದು ಬಣ್ಣಕ್ಕೆ ಏಳರಂತೆ ನಾಲ್ಕಕ್ಕೆ ಇಪ್ಪತ್ತೆಂಟು. ಎದುರುಬದುರು ಕುಳಿತವರು ಜೊತೆಗಾರರು. ಮೊದಲ ನಾಲ್ಕು ಎಲೆ ನೋಡಿಯೇ ‘ನಾವು ಇಷ್ಟು ಹಿಡಿಯುತ್ತೇವೆ’ ಎಂದು ಕೂಗಬೇಕು, ಕೂಗಿದವನು ತುರುಪನ್ನು ಗುಟ್ಟಾಗಿ ಕವಿಚಿಡಬೇಕು. ಕೊಟ್ಟ ಮಾತು ಉಳಿಸಿಕೊಂಡರೆ ಒಂದು ಅಂಕ ಏರುತ್ತದೆ. ತಪ್ಪಿದರೆ, ಆ ದೊಡ್ಡಪ್ಪನ ಮನೆಯ ಕ್ರಮದಲ್ಲಿ, ಎರಡು ಇಳಿಯುತ್ತದೆ. ಆ ಏರಿಳಿತ ಗುರುತಿಸಲು ಬಳಸುವುದು ತೆಗೆದಿಟ್ಟ ಆರುಗಳನ್ನು. ಕೆಂಪು ಆರರ ಮೇಲೆ ಬೇರೊಂದು ಎಲೆ ಕವಿಚಿ, ಎಷ್ಟು ಚುಕ್ಕೆ ಕಾಣುತ್ತದೋ ಅಷ್ಟು ಗಳಿಕೆ. ಕಪ್ಪು ಆರರ ಚುಕ್ಕೆ ಕಂಡರೆ ಅಷ್ಟು ಬಾಕಿ. ಕಾಗದವಿಲ್ಲ, ಪೆನ್ಸಿಲ್ಲಿಲ್ಲ, ಪುಸ್ತಕ ಹಿಡಿಯುವ ಹುಡುಗಿಯೂ ಬೇಕಿಲ್ಲ. ಸುತ್ತ ನಿಂತ ಯಾರಿಗಾದರೂ ಒಂದು ನೋಟಕ್ಕೆ ಸ್ಥಿತಿಗತಿ ತಿಳಿಯುತ್ತದೆ.

ಇದಕ್ಕಿಂತ ಸ್ವಾರಸ್ಯದ ಲೆಕ್ಕ ಇನ್ನೊಂದಿದೆ. ಇಪ್ಪತ್ತೆಂಟರಲ್ಲೂ, ಎರಡು ಕಟ್ಟಿನಿಂದ ನಲವತ್ತೆಂಟು ಎಲೆ ಆರಿಸಿ ಆಡುವ ಅದರ ಅಣ್ಣ ಐವತ್ತಾರರಲ್ಲೂ, ಹೀನಾಯವಾಗಿ ಸೋತವರ ಕಿವಿಗೆ ‘ಕುಣುಕ್ಕು’ ಏರಿಸುವ ಪದ್ಧತಿ ಮಲಯಾಳದ ನಾಡಿನಲ್ಲಿದೆ. ಕುಣುಕ್ಕು ಎಂದರೆ ಕಿವಿಯ ಓಲೆ. ಹಲಸಿನ ಎಲೆಯೋ ರಟ್ಟಿನ ತುಂಡೋ, ಕೈಗೆ ಸಿಕ್ಕಿದ್ದು ಕಿವಿಯಲ್ಲಿ ತೂಗಬೇಕು. ಮುಂದಿನ ಆಟ ಗೆದ್ದು ಅದನ್ನು ಕಳಚಿಕೊಳ್ಳಬೇಕೇ ವಿನಾ ಸುಮ್ಮನೆ ಕಿತ್ತೆಸೆಯುವಂತಿಲ್ಲ. ಹಣದ ಬದಲು ಮಾನವನ್ನು ಪಣಕ್ಕಿಡುವ ಈ ಕ್ರಮ ನನಗೆ ಹೆಚ್ಚು ನಾಗರಿಕವೆಂದೇ ತೋರುತ್ತದೆ.

ಗುಲಾಮನೂ ಒಂಬತ್ತೂ ಎಲ್ಲರ ಮೇಲೆ ಕೂರುವ ಈ ಕ್ರಮ ಯುರೋಪಿನಲ್ಲೂ ಇದೆ. ಡಚ್ಚರ ಕ್ಲಾವರ್‌ಯಾಸ್ ಆಟದಲ್ಲಿ ತುರುಪಿನ ಗುಲಾಮನಿಗೆ ಇಪ್ಪತ್ತು, ಒಂಬತ್ತಕ್ಕೆ ಹದಿನಾಲ್ಕು. ನಾವು ‘ಕಳಾವರ್’ ಎನ್ನುವ ಬಣ್ಣಕ್ಕೆ ಡಚ್ಚರು ಕ್ಲಾವರ್ ಎನ್ನುತ್ತಾರೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬಹುದು. ಇದೇ ಕುಟುಂಬದ ಮತ್ತೊಂದು ಆಟ, ಶ್ರೀಲಂಕಾದಲ್ಲಿ ಮನೆಮಾತಾಗಿರುವ ಮುನ್ನೂರ ನಾಲ್ಕು. ಅದರಲ್ಲಿ ಗುಲಾಮನಿಗೆ ಮೂವತ್ತು, ಒಂಬತ್ತಕ್ಕೆ ಇಪ್ಪತ್ತು, ಎಕ್ಕಕ್ಕೆ ಹನ್ನೊಂದು, ಹತ್ತಕ್ಕೆ ಹತ್ತು, ರಾಜನಿಗೆ ಮೂರು, ರಾಣಿಗೆ ಎರಡು. ಬಣ್ಣಕ್ಕೆ ಎಪ್ಪತ್ತಾರು, ಒಟ್ಟು ಮುನ್ನೂರ ನಾಲ್ಕು. ಆಟದ ಹೆಸರೇ ಲೆಕ್ಕದ ಮೊತ್ತವಾಗಿರುವುದನ್ನು ಗಮನಿಸಬೇಕು. ಬಡಗಣ ದಿಕ್ಕಿಗೆ ಹೋದರೆ ಮರಾಠಿಗರ ಮೆಂಡಿಕೋಟ್ ಸಿಗುತ್ತದೆ. ಅಲ್ಲಿ ಅಂಕಗಳ ಗೋಜೇ ಇಲ್ಲ. ನಾಲ್ಕು ಹತ್ತುಗಳಲ್ಲಿ ಮೂರನ್ನು ಹಿಡಿದವರು ಗೆದ್ದಂತೆ, ನಾಲ್ಕನ್ನೂ ಹಿಡಿದರೆ ಮೆಂಡಿಕೋಟ್. ಎರಡೆರಡು ಹಂಚಿಹೋದರೆ ಮಾತ್ರ ಹದಿಮೂರು ಪಟ್ಟುಗಳಲ್ಲಿ ಏಳು ಯಾರ ಪಾಲಾದವೆಂದು ಎಣಿಸಬೇಕು.

ನಮ್ಮ ಪಶ್ಚಿಮ ಬೆಂಗಳೂರಿಗೆ ಈ ಲೆಕ್ಕಗಳೆಲ್ಲ ಬಂದು ಸೇರಿವೆ. ವಿಜಯನಗರ, ಬಸವೇಶ್ವರನಗರಗಳ ಉದ್ಯಾನದ ಕಲ್ಲುಬೆಂಚುಗಳಲ್ಲಿ ಸಂಜೆ ಕೂರುವ ನಿವೃತ್ತರಲ್ಲಿ ಹಾಸನದವರೂ ಇದ್ದಾರೆ, ಉಡುಪಿಯವರೂ ಬೆಳಗಾವಿಯವರೂ ಇದ್ದಾರೆ. ಹೊಸಬ ಬಂದಾಗ ಕೇಳುವ ಮೊದಲ ಪ್ರಶ್ನೆ ಊರು ಯಾವುದೆಂದಲ್ಲ, ‘ಎಕ್ಕಕ್ಕೆ ನಿಮ್ಮಲ್ಲಿ ಎಷ್ಟು?’ ಎಂದು. ಉತ್ತರದಲ್ಲಿ ಊರು ತಾನಾಗಿ ತಿಳಿಯುತ್ತದೆ. ಕೆಂಗೇರಿಯಲ್ಲಿ ಇಳಿಯುವ ಮೈಸೂರು ರೈಲಿನ ದಿನಗಳೂ ನೆನಪಾಗುತ್ತವೆ. ಕೆಲವು ವರ್ಷ ಆ ದಾರಿಯ ನಿತ್ಯ ಪ್ರಯಾಣಿಕನಾಗಿದ್ದೆ. ನಾಲ್ವರ ಮೊಣಕಾಲ ಮೇಲೆ ಟವೆಲು, ಟವೆಲಿನ ಮೇಲೆ ಎಲೆ. ಅಂಕ ಬರೆಯುತ್ತಿದ್ದುದು ಪತ್ರಿಕೆಯ ಅಂಚಿನಲ್ಲಿ. ಕೆಂಗೇರಿ ಬಂದೊಡನೆ ಆಟ ಎಲ್ಲಿದ್ದರೂ ನಿಲ್ಲಬೇಕು. ಆ ಅಂಚನ್ನು ಹರಿದು ಜೇಬಿಗಿಟ್ಟುಕೊಂಡವನು ಮರುದಿನ ರಜೆ ಹಾಕಿದರೆ ಮೂವರೂ ಅವನಿಗೆ ಶಾಪ ಹಾಕುತ್ತಿದ್ದರು. ಅಲ್ಲಿ ಹಣದ ಮಾತು ಬರುತ್ತಿರಲಿಲ್ಲ. ಹೆಚ್ಚೆಂದರೆ ಮದ್ದೂರು ವಡೆ.

ಅಂಕವು ಅಂಕವಾಗಿಯೇ ಉಳಿಯುವುದೋ ಹಣವಾಗುವುದೋ ಎಂಬ ಪ್ರಶ್ನೆ ಕಾನೂನಿನದೂ ಹೌದು. ಸಿಕಂದರಾಬಾದಿನ ಕ್ಲಬ್ಬೊಂದರ ಮೇಲಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ, ಬಿದ್ದ ಎಲೆಗಳನ್ನು ನೆನಪಿಡಬೇಕಾದ, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂದು ತೂಗಿನೋಡಬೇಕಾದ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಆ ತೀರ್ಪನ್ನೇ ಹಿಡಿದು ನಡೆದ ಮೊಬೈಲ್ ರಮ್ಮಿ ಎಷ್ಟು ಮನೆಗಳನ್ನು ಸಾಲಕ್ಕೆ ತಳ್ಳಿತೆಂಬುದು ಓದುಗರಿಗೆ ಹೊಸತಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅದನ್ನು ನಿಷೇಧಿಸಿತು; 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ದೊಡ್ಡ ಕಂಪನಿಗಳು ಆ ತಿಂಗಳಲ್ಲೇ ಹಣದ ಆಟ ನಿಲ್ಲಿಸಿದವು.

ಆ ಕಾಯ್ದೆಯನ್ನು ನಾನು ಒಪ್ಪುತ್ತೇನೆ. ಆದರೆ ಹಣದೊಂದಿಗೆ ಹೋಗದೆ ಉಳಿದುಬಿಟ್ಟ ಹಾನಿಯೊಂದಿದೆ. ಆ ಕಂಪನಿಗಳಿಗೆ ದೇಶಕ್ಕೆಲ್ಲ ಒಂದೇ ಲೆಕ್ಕ ಬೇಕಿತ್ತು. ಮೊದಲೇ ಕೈಬಿಟ್ಟರೆ ಇಪ್ಪತ್ತು, ನಡುವೆ ಬಿಟ್ಟರೆ ನಲವತ್ತು, ಎಷ್ಟೇ ಕೆಟ್ಟ ಕೈಯಾದರೂ ಎಂಬತ್ತಕ್ಕೆ ನಿಲುಗಡೆ. ಕೆಲವು ಕ್ಲಬ್ಬುಗಳ ಈ ರೂಢಿಯನ್ನು ಮೊಬೈಲು ರಮ್ಮಿಯ ‘ನಿಯಮ’ವನ್ನಾಗಿ ಮಾಡಿತು. ನಮ್ಮ ಮನೆಯಲ್ಲಿ ಎಂಬತ್ತರ ಗಡಿ ಇರಲಿಲ್ಲ. ಹದಿಮೂರೂ ದೊಡ್ಡ ಎಲೆಯಾಗಿ ನೂರಮೂವತ್ತು ಬರೆಸಿಕೊಂಡವರ ಕಥೆಯನ್ನು ವರ್ಷಗಟ್ಟಲೆ ಹೇಳಿ ನಗುತ್ತಿದ್ದೆವು. ಈಗ ನನ್ನ ಮಗ ‘ಅಪ್ಪ, ಅದು ತಪ್ಪು, ಎಂಬತ್ತಕ್ಕಿಂತ ಹೆಚ್ಚಿಲ್ಲ’ ಎನ್ನುತ್ತಾನೆ. ತಪ್ಪು ಎಂಬ ಆ ಪದವೇ ನನ್ನನ್ನು ಚುಚ್ಚುತ್ತದೆ. ಲೆಕ್ಕವನ್ನು ಯಂತ್ರವೇ ಮಾಡುವಾಗ ಅದರ ಬಗ್ಗೆ ವಾದಿಸಲು ಅವಕಾಶವಿಲ್ಲ. ಜಮಖಾನದ ಮೇಲಾದರೆ ಆಟಕ್ಕೆ ಮುನ್ನ ಕಾಲು ಗಂಟೆ ಆ ವಾದವೇ ನಡೆಯುತ್ತಿತ್ತು, ಎದುರಿನವರ ಮನೆಯ ಕ್ರಮ ತಿಳಿಯುತ್ತಿದ್ದುದೂ ಆಗಲೇ.

ರಾಜಾಜಿನಗರದ ಆ ರಾತ್ರಿಯ ವಾದ ಅರ್ಧ ಗಂಟೆ ಹಿಡಿಯಿತು. ಕಡೆಗೆ ಗಂಡಿನ ಕಡೆಯವರ ಆಟ, ಹೆಣ್ಣಿನ ಕಡೆಯವರ ಪುಸ್ತಕ ಎಂದು ರಾಜಿಯಾಯಿತು: ಆಡುವುದು ಇಪ್ಪತ್ತೆಂಟು, ಆರರ ಚುಕ್ಕೆಗಳ ಜೊತೆಗೆ ಲಗ್ನಪತ್ರಿಕೆಯ ಹಿಂಬದಿಯಲ್ಲೂ ಬರೆಯುವುದು. ಬೀಗರಿಬ್ಬರೂ ಎದುರಾಳಿಗಳಾಗುವುದು ಬೇಡವೆಂದು ಯಾರೋ ಹಿರಿಯರು ಹೇಳಿದ್ದರಿಂದ ದೊಡ್ಡಪ್ಪನೂ ಸೋದರಮಾವನೂ ಜೊತೆಗಾರರಾದರು. ಸೋದರಮಾವ ಹುಮ್ಮಸ್ಸಿನಲ್ಲಿ ಇಪ್ಪತ್ತೊಂದು ಕೂಗಿ ಕೆಟ್ಟರು. ಮತ್ತೆ ಕೂಗಿ ಮತ್ತೆ ಕೆಟ್ಟರು. ಕಪ್ಪು ಆರರ ಆರೂ ಚುಕ್ಕೆ ಕಾಣಿಸಿಕೊಂಡಾಗ ದೊಡ್ಡಪ್ಪ ಒಂದು ಮಾತೂ ಆಡದೆ ಇಸ್ಪೀಟಿನ ಪೆಟ್ಟಿಗೆಯ ರಟ್ಟನ್ನು ಎರಡಾಗಿ ಹರಿದು, ಒಂದನ್ನು ತಮ್ಮ ಕಿವಿಗೆ ಸಿಕ್ಕಿಸಿಕೊಂಡು ಇನ್ನೊಂದನ್ನು ಅವರತ್ತ ಚಾಚಿದರು. ಬೆಳಗಿನ ಕಾಫಿ ಬರುವ ಹೊತ್ತಿಗೂ ಇಬ್ಬರ ಕಿವಿಯಲ್ಲೂ ಅದು ಹಾಗೆಯೇ ಇತ್ತು.