ಕಾಯಿ ಎದ್ದು ನಿಂತರೆ ಸಾಬೀತಾಯಿತೇ?

ದೇವರಾಯಸಮುದ್ರದ ಸುತ್ತಮುತ್ತ ಬೋರ್ ಹಾಕಿಸುವ ಮುಂಚೆ ಪಾಯಿಂಟ್ ಮಾಡಿಸುವವರುಂಟು. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತ ಕಡೆ ನೀರು ಎಂಬ ನಂಬಿಕೆ. ಶಾಶ್ವತ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದರೂ ಬರೀ ಕಲ್ಲುಪುಡಿ ಬರುವುದುಂಟು. ಸಾಲ ಮಾಡಿದ ರೈತ ಕಾಯಿಯ ಮೊರೆ ಹೋದರೆ ನಾನಂತೂ ನಗಲಾರೆ. ಆದರೆ ಕಾಯಿಯನ್ನೂ ಪರೀಕ್ಷಿಸಬಹುದು. ಪೈಪೊಂದನ್ನು ಹೂಳಿ, ನಾಣ್ಯ ಚಿಮ್ಮಿ, ರಾಜ ಬಿದ್ದರೆ ನೀರು ಬಿಡಿ, ಇಲ್ಲದಿದ್ದರೆ ಬೇಡ. ಹೀಗೆ ಹತ್ತು ಸಲ, ನೀರಿದೆಯೋ ಇಲ್ಲವೋ ಎಂದು ಕಾಯಿ ಹಿಡಿದವರನ್ನು ಕೇಳಿ. ಒಂಬತ್ತಾದರೂ ಸರಿಯಾದರೆ ಪಾಸು.

ತಪ್ಪು ಕಲ್ಪನೆ: ಸುಮ್ಮನೆ ಊಹಿಸುವವರು ಪಾಸಾಗುವ ಸಂಭವ 1024ರಲ್ಲಿ 11, ಅಂದರೆ ಸುಮಾರು ಶೇ 1. ಹಾಗಾಗಿ ಪಾಸಾದವರಿಗೆ ಶಕ್ತಿ ಇರುವುದು ಶೇ 99 ಖಚಿತ.

ಸತ್ಯ: ಲೆಕ್ಕ ಸರಿ, ಅರ್ಥ ತಲೆಕೆಳಗು. ಆ ಶೇ 1 ಬಂದದ್ದೇ ‘ಶಕ್ತಿ ಇಲ್ಲ’ ಎಂದು ಇಟ್ಟುಕೊಂಡು. ಶಕ್ತಿಯಿಲ್ಲದ ನೂರು ಮಂದಿಯನ್ನು ಕೂರಿಸಿದರೂ ಹೆಚ್ಚುಕಡಿಮೆ ಒಬ್ಬರು ಪಾಸಾಗುತ್ತಾರೆ. ಆ ಒಬ್ಬರ ಬಗ್ಗೆ ನಮ್ಮ ತೀರ್ಪು ಪೂರ್ತಿ ತಪ್ಪು. ಇದು ಮೊದಲ ಬಗೆಯ ದೋಷ, ಇಲ್ಲದ್ದನ್ನು ಇದೆ ಎನ್ನುವುದು. ಉಳಿದವರನ್ನು ಊರು ಮರೆಯುತ್ತದೆ. ಅವರೊಬ್ಬರ ಫೋನ್ ನಂಬರ್ ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೆ ಓಡಾಡುತ್ತದೆ.

ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ಇಂಥದೇ ಪರೀಕ್ಷೆ ನಡೆದಿತ್ತು: ಕೆಳಗೆ ಪೈಪು, ಮೇಲಂತಸ್ತಿನಲ್ಲಿ ಕವೆಕಡ್ಡಿ ಹಿಡಿದವರು. ಸುಮಾರು 500 ಜನರಲ್ಲಿ ಆರಿಸಿದ 43 ಮಂದಿ, 843 ಯತ್ನ. ಕೆಲವರು ನಿಪುಣರೆಂದು ಸಂಶೋಧಕರು ಸಾರಿದರು. ಜೇಮ್ಸ್ ಎನ್‌ರೈಟ್ ಎಂಬ ವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಜಾಲಾಡಿದಾಗ, ಒಮ್ಮೆ ಗೆದ್ದವರು ಇನ್ನೊಮ್ಮೆ ಅದೇ ನಿಪುಣತೆ ತೋರಿಸಿರಲಿಲ್ಲ.

ತಪ್ಪು ಕಲ್ಪನೆ: ಫೇಲಾದರೆ ಶಕ್ತಿ ಇಲ್ಲವೆಂದು ಸಾಬೀತು.

ಸತ್ಯ: ಇದು ನಮ್ಮಂಥ ಸಂಶಯವಾದಿಗಳ ತಪ್ಪು. ನಿಜಕ್ಕೂ ಹತ್ತಕ್ಕೆ ಏಳರಂತೆ ಸರಿ ಹೇಳಬಲ್ಲವರೂ ಈ ಪರೀಕ್ಷೆ ಪಾಸಾಗುವ ಸಂಭವ ಶೇ 15 ಮಾತ್ರ. ಉಳಿದ ಶೇ 85 ಎರಡನೇ ಬಗೆಯ ದೋಷ, ಇದ್ದದ್ದನ್ನು ಇಲ್ಲ ಎನ್ನುವುದು. ಪಾಸಿನ ಗೆರೆಯನ್ನು ಹತ್ತಕ್ಕೆ ಹತ್ತು ಎಂದು ಏರಿಸಿದರೆ ಮೊದಲ ದೋಷ ತಗ್ಗುತ್ತದೆ, ಇದು ಇನ್ನೂ ಹಿಗ್ಗುತ್ತದೆ. ಎರಡೂ ತಗ್ಗಬೇಕಾದರೆ ಯತ್ನಗಳನ್ನೇ ಹೆಚ್ಚಿಸಬೇಕು.

ಹೊಲದಲ್ಲಿ ನಾಣ್ಯದ ಲೆಕ್ಕವೂ ನಡೆಯದು. ಹತ್ತು ಬೋರ್‌ಗಳಲ್ಲಿ ಏಳಕ್ಕೆ ಹೇಗೂ ನೀರು ಬೀಳುವ ಊರಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದವರೂ ಶೇ 15ರಷ್ಟು ಸಲ ಪಾಸಾಗುತ್ತಾರೆ. ‘ಹತ್ತಕ್ಕೆ ಒಂಬತ್ತು ಬಿದ್ದಿದೆ’ ಎಂದು ಯಾರಾದರೂ ಹೇಳಿದರೆ, ಪಾಯಿಂಟ್ ತೋರಿಸದೆ ಕೊರೆದವರಿಗೆ ಅಲ್ಲಿ ಎಷ್ಟು ಬಿದ್ದಿದೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ.