ಮೂವತ್ತು ಇಂಚಿನ ಮಂಚ: ನ್ಯೂಯಾರ್ಕಿನ ಆಶ್ರಯಧಾಮಗಳಿಗೆ ನಿಯಮಗಳು ಬಂದ ಬಗೆ

ಮನೆಯಿಲ್ಲದವರು ರಾತ್ರಿ ತಂಗಲು ಜಾಗ ಕೇಳಿದರೆ ನ್ಯೂಯಾರ್ಕ್ ನಗರಾಡಳಿತ ಕೊಡಲೇಬೇಕು. ಅಮೆರಿಕದ ಹೆಚ್ಚಿನ ನಗರಗಳಲ್ಲಿ ಇಂಥ ಹಕ್ಕಿಲ್ಲ. ಈ ಹಕ್ಕು ದಾನಿಗಳ ಕರುಣೆಯಿಂದ ಬಂದದ್ದಲ್ಲ, ನ್ಯಾಯಾಲಯದ ಮೂಲಕ ಬಂದದ್ದು.

1979ರಲ್ಲಿ ರಾಬರ್ಟ್ ಹೇಯ್ಸ್ ಎಂಬ ಯುವ ವಕೀಲರು ವಸತಿರಹಿತ ಪುರುಷರ ಪರವಾಗಿ ನಗರ ಮತ್ತು ರಾಜ್ಯ ಸರಕಾರಗಳ ವಿರುದ್ಧ ಮೊಕದ್ದಮೆ ಹೂಡಿದರು. ನಿರ್ಗತಿಕರ ನೆರವು ಮತ್ತು ಪಾಲನೆ ರಾಜ್ಯದ ಹೊಣೆ ಎನ್ನುವ ರಾಜ್ಯ ಸಂವಿಧಾನದ 17ನೆಯ ವಿಧಿಯೇ ಅವರ ವಾದಕ್ಕೆ ಆಧಾರ. 1981ರಲ್ಲಿ ಸರಕಾರ ರಾಜಿ ಒಪ್ಪಂದಕ್ಕೆ ಸಹಿ ಹಾಕಿತು. ಮೊಕದ್ದಮೆಗೆ ಹೆಸರು ಕೊಟ್ಟ ರಾಬರ್ಟ್ ಕ್ಯಾಲಹನ್ ಅಷ್ಟರಲ್ಲಿ ಬೀದಿಯಲ್ಲೇ ತೀರಿಕೊಂಡಿದ್ದರು. ಮುಂದೆ ಬೇರೆ ಮೊಕದ್ದಮೆಗಳ ಮೂಲಕ ಈ ಹಕ್ಕು ಮಹಿಳೆಯರಿಗೂ ಮಕ್ಕಳಿರುವ ಕುಟುಂಬಗಳಿಗೂ ದೊರೆಯಿತು.

ಒಪ್ಪಂದದ ವಿಶೇಷ ಇರುವುದು ಅದರ ವಿವರಗಳಲ್ಲಿ. ಮಂಚ ಕನಿಷ್ಠ 30 ಇಂಚು ಅಗಲವಿರಬೇಕು. ಶುಭ್ರವಾದ ಎರಡು ಹಾಸುಬಟ್ಟೆ, ಕಂಬಳಿ, ದಿಂಬು, ಸೋಪು, ಟವೆಲು, ಬೀಗ ಹಾಕಬಹುದಾದ ಪೆಟ್ಟಿಗೆ ಕೊಡಬೇಕು. ಇದೆಲ್ಲ ಅತಿಯಾಯಿತು ಎನಿಸಬಹುದು. ಆದರೆ ‘ಆಶ್ರಯ’ ಎಂದಷ್ಟೇ ಬರೆದಿದ್ದರೆ ಸಭಾಂಗಣದ ಒಂದು ಕುರ್ಚಿಯನ್ನೂ ಆಶ್ರಯ ಎನ್ನಬಹುದಿತ್ತು. ಬೀಗವನ್ನೇ ನೋಡಿ. ಗುರುತಿನ ಚೀಟಿ ಕಳವಾದರೆ ಕೆಲಸ, ಬಾಡಿಗೆ ಮನೆ, ಸರಕಾರಿ ನೆರವು ಎಲ್ಲಕ್ಕೂ ತಡೆ. ಕಳ್ಳತನದ ಭಯದಿಂದ ಆಶ್ರಯಧಾಮಕ್ಕಿಂತ ಬೀದಿಯೇ ಮೇಲು ಎನ್ನುವವರೂ ಇದ್ದಾರೆ. ಮಂಚಗಳ ನಡುವಿನ ಅಂತರಕ್ಕೂ ಕಾರಣವಿದೆ: ಕ್ಷಯದಂಥ ರೋಗಗಳು ಇಕ್ಕಟ್ಟಿನಲ್ಲಿ ಬೇಗ ಹರಡುತ್ತವೆ.

ನಿಯಮ ಬರೆದರೆ ಸಾಲದು, ನೋಡಿಕೊಳ್ಳುವವರೂ ಬೇಕು. ಪರವಾನಗಿಯ ಉಪಯೋಗ ಅಲ್ಲಿದೆ. ಎಷ್ಟು ಜನರಿಗೆ ಜಾಗ, ಬೆಂಕಿ ಬಿದ್ದರೆ ಹೊರಬರುವ ದಾರಿ ಯಾವುದು, ರಾತ್ರಿ ಸಿಬ್ಬಂದಿ ಯಾರು ಎಂಬುದು ಕಾಗದದ ಮೇಲೆ ಬರುತ್ತದೆ; ತಪಾಸಣೆ ಸಾಧ್ಯವಾಗುತ್ತದೆ.

ಇದಕ್ಕೊಂದು ಇನ್ನೊಂದು ಮುಖವೂ ಇದೆ. ನೆಲಮಾಳಿಗೆಯಲ್ಲಿ ಹತ್ತು ಮಂಚ ಹಾಕಿರುವ ಚಿಕ್ಕ ಚರ್ಚಿಗೆ ದೊಡ್ಡ ಸಂಸ್ಥೆಯ ನಿಯಮಗಳನ್ನೆಲ್ಲ ಪಾಲಿಸುವುದು ಕಷ್ಟ. ಚಳಿಗಾಲದಲ್ಲಿ ಅದನ್ನು ಮುಚ್ಚಿಸಿದರೆ ಆ ಹತ್ತು ಜನ ಎಲ್ಲಿಗೆ ಹೋಗಬೇಕು? ಬೆಂಕಿಯ ಸುರಕ್ಷತೆಯಲ್ಲಿ ರಿಯಾಯಿತಿ ಕೂಡದು. ಉಳಿದ ಕೊರತೆಗಳನ್ನು ನೀಗಿಸಲು ಗಡುವು, ಹಣ ಎರಡನ್ನೂ ಕೊಡುವುದು ವಿವೇಕ. ವಲಸಿಗರ ಸಂಖ್ಯೆ ಏರಿದಾಗ ನಗರವೇ ತನ್ನ ಹೊಣೆಯ ಸಡಿಲಿಕೆ ಕೇಳಿತು. 2024ರ ಒಪ್ಪಂದದಂತೆ ಹೊಸದಾಗಿ ಬಂದ ಒಂಟಿ ವಯಸ್ಕ ವಲಸಿಗರಿಗೆ ಸಾಮಾನ್ಯವಾಗಿ 30 ದಿನಗಳ ಮಿತಿ ಬಂತು. ಹಕ್ಕು ಉಳಿಯಿತು, ಆದರೆ ಕಿರಿದಾಯಿತು.

ಭಾರತದಲ್ಲಿಯೂ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಒಬ್ಬರಿಗೆ 50 ಚದರಡಿ ಜಾಗ, ಪ್ರತಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರ ಆಶ್ರಯ ಎಂದು ಹೇಳಿತ್ತು. ಬೆಂಗಳೂರಿಗೂ ಅದೇ ಅಳತೆ ಇತ್ತು.

ಆಶ್ರಯಧಾಮಗಳಿಗೆ ಊಟ, ಕಂಬಳಿ ಒಯ್ಯುವ ನಮ್ಮ ಸದಸ್ಯರು ಅಲ್ಲಿ ಎರಡು ಪ್ರಶ್ನೆಗಳನ್ನೂ ಕೇಳಬಹುದು: ಕಳೆದ ತಪಾಸಣೆ ಯಾವಾಗ ಆಯಿತು? ಅದರಲ್ಲಿ ಕಂಡ ಕೊರತೆ ಸರಿಹೋಯಿತೇ?