‘ಹೊಳ್ಯಾಗ ಮಲಗಬ್ಯಾಡ್ರಿ ತಮ್ಮಾ!’

ಡಿಗ್ರಿ ಕೊನೆಯ ಪರೀಕ್ಷೆ ಮುಗಿದಿತ್ತು. ರಾಯಚೂರಿನ ರೂಮಿನಲ್ಲಿ ನಾವು ನಾಲ್ವರು ಗೆಳೆಯರು ಮೊಬೈಲ್‌ನಲ್ಲಿ ಆಸ್ಟ್ರೇಲಿಯಾದ ಮರುಭೂಮಿ ಪ್ರವಾಸದ ವಿಡಿಯೊ ನೋಡುತ್ತಿದ್ದೆವು. ಡಾರ್ವಿನ್‌ನಿಂದ ಪೋರ್ಟ್ ಆಗಸ್ಟಾವರೆಗೆ 2,700 ಕಿ.ಮೀ.ಗೂ ಉದ್ದದ ಸ್ಟುವರ್ಟ್ ಹೆದ್ದಾರಿ, ಕೆಂಪು ಮಣ್ಣು, ರಾತ್ರಿ ಟೆಂಟಿನಲ್ಲಿ ವಾಸ. ‘ಅಂಥಾ ಬಿಸಿಲು ನಮ್ಮಲ್ಲೂ ಐತಲ್ಲೋ, ನಡೀರಿ’ ಎಂದ ಒಬ್ಬ.

ಎರಡು ಬೈಕು, ಒಂದು ತಾಡಪತ್ರಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹತ್ತು ಲೀಟರ್ ನೀರು. ಇಷ್ಟೇ ನಮ್ಮ ಸಿದ್ಧತೆ. ಮಾನ್ವಿ ದಾಟುತ್ತಲೇ ಒಂದು ಬೈಕ್ ಪಂಕ್ಚರ್. ತಳ್ಳಿಕೊಂಡು ಹೋಗುವಷ್ಟರಲ್ಲಿ ಅರ್ಧ ನೀರು ಖಾಲಿ. ಸಂಜೆ ವಿಜಯದಾಸರ ಊರು ಚೀಕಲಪರ್ವಿ ತಲುಪಿದೆವು. ಬೇಸಿಗೆಯ ತುಂಗಭದ್ರೆಯಲ್ಲಿ ನೀರಿಗಿಂತ ಮರಳು, ಬಂಡೆಗಳೇ ಹೆಚ್ಚು. ತಣ್ಣನೆ ಮರಳಿನ ಮೇಲೆ ತಾಡಪತ್ರಿ ಹಾಸಿ ಸೆಲ್ಫಿ ತೆಗೆದುಕೊಂಡೆವು.

ಕುರಿ ಹೊಡೆದುಕೊಂಡು ಬಂದ ಅಜ್ಜ ನಿಂತರು. ‘ಹೊಳ್ಯಾಗ ಮಲಗಬ್ಯಾಡ್ರಿ ತಮ್ಮಾ. ಡ್ಯಾಮಿನ್ಯಾಗಿಂದ ನೀರು ಬಿಟ್ರ ನಿದ್ದ್ಯಾಗ ಗೊತ್ತಾಗಂಗಿಲ್ಲ.’ ಮಳೆಯೇ ಇಲ್ಲದಾಗ ನೀರೆಲ್ಲಿಂದ ಎಂದು ನಮಗೆ ಒಳಗೊಳಗೇ ನಗು. ಆದರೆ ನಾವು ಗಂಟುಮೂಟೆ ಎತ್ತಿ ದಂಡೆ ಹತ್ತುವವರೆಗೂ ಅಜ್ಜ ಕದಲಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ನಾವು ತಾಡಪತ್ರಿ ಹಾಸಿದ್ದ ಜಾಗದಲ್ಲಿ ಮೊಣಕಾಲುದ್ದ ನೀರು! ನಾಲ್ವರಿಗೂ ಮಾತೇ ಹೊರಡಲಿಲ್ಲ. ಅಜ್ಜನಿಗೆ ಕೈ ಮುಗಿಯೋಣವೆಂದರೆ ಅವರು ಕುರಿಗಳೊಂದಿಗೆ ಆಗಲೇ ಹೊರಟುಹೋಗಿದ್ದರು.

ರೂಮಿಗೆ ಮರಳಿ ಅದೇ ವಿಡಿಯೊವನ್ನು ಪೂರ್ತಿ ನೋಡಿದೆವು. ‘ಒಣಗಿದ ಹಳ್ಳದಲ್ಲಿ ಟೆಂಟ್ ಹಾಕಬೇಡಿ, ಎಲ್ಲೋ ಸುರಿದ ಮಳೆ ಇಲ್ಲಿ ಪ್ರವಾಹವಾಗಿ ಬರುತ್ತದೆ’ ಎಂದು ಆ ಪ್ರವಾಸಿಯೂ ಹೇಳಿದ್ದ. ನಾವು ಆ ಭಾಗವನ್ನು ಸ್ಕಿಪ್ ಮಾಡಿದ್ದೆವು.

ಗೆಳೆಯರೇ, ಟೆಂಟ್ ಹಾಕುವ ಮೊದಲು ಆ ಊರಿನವರನ್ನು ಒಂದು ಮಾತು ಕೇಳಿ.